ಲಾರಿ ತಳ್ಳುವವರಿಗೆ ಮಾತ್ರ ಮನೆ

ಪಿಳ್ಳಮ್ಮನವರು ಬಾಡಿಗೆ ಮನೆ ಕೇಳಿಕೊಂಡು ಬಂದವರ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಬೆಂಗಳೂರಿನ ಮನೆ ಓನರುಗಳ ಪ್ರಶ್ನೆಗಳೆಲ್ಲ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿದ್ದವು. ವೆಜ್ಜಾ ನಾನ್‌ವೆಜ್ಜಾ, ಯಾವ ಜನ, ನೆಂಟರು ಎಷ್ಟು ಬರುತ್ತಾರೆ, ಗೋಡೆಗೆ ಮೊಳೆ ಹೊಡೆಯುತ್ತೀರಾ. ಗಿರಿನಗರದಿಂದ ಕತ್ರಿಗುಪ್ಪೆಯವರೆಗೆ ಈ ಪರೀಕ್ಷೆಯಲ್ಲಿ ಫೇಲಾಗುತ್ತ ಬಂದು, ಕೊನೆಗೆ ಹೊಸಕೆರೆಹಳ್ಳಿಯ ಅವರ ಗೇಟಿನ ಮುಂದೆ ನಾನೂ ನನ್ನ ಹೆಂಡತಿ ಸುಮಾಳೂ ನಿಂತೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ.

"ಬೆನ್ನು ನೋವು ಗಿನ್ನು ನೋವು ಏನಾದ್ರೂ ಐತಾ?"

ಇಲ್ಲ ಅಂದೆ. ಕೆಲಸ ಏನು ಅಂದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು ಅಂದೆ. ಅವರ ಮುಖ ಸ್ವಲ್ಪ ಬಾಡಿತು. ಆಮೇಲೆ ಸುಮಾಳ ಕೈ ಹಿಡಿದು, ತೋಳನ್ನು ತರಕಾರಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿ, "ನಿಂದು ಗಟ್ಟಿ ಕೈ ಕಣವ್ವ" ಎಂದು ಕೀ ಕೊಟ್ಟುಬಿಟ್ಟರು. ನನಗೆ ಆ ಮನೆ ಸಿಕ್ಕಿದ್ದು ಹೆಂಡತಿಯ ತೋಳಿನಿಂದ. ಅದನ್ನು ಅವಳು ಇವತ್ತಿನವರೆಗೂ ನನಗೆ ಮರೆಯಲು ಬಿಟ್ಟಿಲ್ಲ.

ಇದರ ಅರ್ಥ ಗೊತ್ತಾಗಿದ್ದು ಮೊದಲ ಭಾನುವಾರ ಬೆಳಿಗ್ಗೆ. ನಾವಿದ್ದ ಬಾಡಿಗೆ ಮನೆಗಳ ಸಾಲಿನ ಪಕ್ಕದ ಸೈಟಿನಲ್ಲಿ ಒಂದು ತಗಡಿನ ಶೆಡ್ಡಿತ್ತು. ಪಿಳ್ಳಮ್ಮ ಅದರ ಬಾಗಿಲು ತೆಗೆದು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಒಳಗಿದ್ದ ಲಾರಿ ಹತ್ತಿ ಕೂತರು. ಲಾರಿ ಅಂದರೆ ಈಗಿನ ಮೊಂಡು ಮುಖದ ಲಾರಿಯಲ್ಲ. ಮುಂದಕ್ಕೆ ಉದ್ದನೆಯ ಮೂಗು ಚಾಚಿಕೊಂಡಿದ್ದ, ಮರದ ಬಾಡಿಯ, ನನಗಿಂತ ವಯಸ್ಸಾದ ಲಾರಿ. ಗಿಣಿಹಸಿರು ಬಣ್ಣ, ರಬ್ಬರ್ ಉಂಡೆ ಹಿಸುಕಿದರೆ ಕೂಗುವ ಹಿತ್ತಾಳೆ ಹಾರನ್ನು. ಆ ಹಾರನ್ನನ್ನು ಎರಡು ಸಲ ಹಿಸುಕಿದ್ದೇ ತಡ, ಎಲ್ಲ ಮನೆಗಳ ಬಾಗಿಲೂ ತೆರೆದುಕೊಂಡವು. ಎದುರು ಮನೆಯ ನರ್ಸ್ ಶೈಲಜಾ ಬಂದಳು. ಮೇಲಿನ ಮಹಡಿಯಿಂದ ಹಾವೇರಿಯ ಬಸವರಾಜ ಲುಂಗಿ ಕಟ್ಟಿಕೊಳ್ಳುತ್ತಲೇ ಇಳಿದ. ಇನ್ನೂ ಕೆಲವರು ಬಂದರು. ಎಲ್ಲರೂ ತಾವಾಗಿಯೇ ಲಾರಿಯ ಹಿಂದೆ ಹೋಗಿ ಕೈಯಿಟ್ಟು ನಿಂತರು.

"ಮೇಷ್ಟ್ರೇ, ಎಡಗಡೆ ಮೂಲೆ ನಿಮ್ದು" ಅಂತ ಮೇಲಿಂದ ಅಪ್ಪಣೆಯಾಯಿತು.

ಗುಂಡಿ ಒತ್ತಿದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಸ್ಟಾರ್ಟರ್ ಲಾರಿಗೆ ಇಲ್ಲವಂತೆ. ಇದ್ದದ್ದು ಸುಟ್ಟುಹೋಗಿ ಯಾವ ಕಾಲವಾಯಿತೋ, ಬೇರೆ ಪಾರ್ಟು ಭೂಮಿಯ ಮೇಲೆಲ್ಲೂ ಸಿಗುವುದಿಲ್ಲವಂತೆ. ಆದ್ದರಿಂದ ಪ್ರತಿ ಭಾನುವಾರ ಬಾಡಿಗೆದಾರರು ಅದನ್ನು ಬೀದಿಯ ಇಳಿಜಾರಿನವರೆಗೆ ತಳ್ಳಬೇಕು, ಪಿಳ್ಳಮ್ಮ ಗೇರಿಗೆ ಹಾಕಿ ಕ್ಲಚ್ ಬಿಡಬೇಕು, ಅದು ಕೆಮ್ಮಿ, ಹೊಗೆ ಕಾರಿ, ಮನಸ್ಸಿದ್ದರೆ ಸ್ಟಾರ್ಟಾಗಬೇಕು. ಆದಮೇಲೆ ನಾವೆಲ್ಲ ಓಡಿ ಹಿಂದೆ ಹತ್ತಿಕೊಳ್ಳಬೇಕು. ಬನಶಂಕರಿ, ಜಯನಗರ ಸುತ್ತಿಸಿ, ಎಲ್ಲಾದರೂ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಅವರೇ ಎಲ್ಲರಿಗೂ ಇಡ್ಲಿ ವಡೆ ಕೊಡಿಸುತ್ತಿದ್ದರು. ಆ ಮೊದಲ ಭಾನುವಾರ ಎಡಗೈಯಲ್ಲಿ ತಿಂಡಿ ತಿಂದೆ, ಬಲಗೈ ಮೇಲಕ್ಕೇಳುತ್ತಿರಲಿಲ್ಲ. ಮನೆ ಖಾಲಿ ಮಾಡೋಣ ಅಂತ ಸುಮಾಳಿಗೆ ಹೇಳಿದೆ. ನೀನು ಮಾಡು, ನಾನಿರ್ತೀನಿ ಅಂದಳು.

ಗಂಡನ ನೆನಪಿಗೆ ಇಟ್ಟುಕೊಂಡಿದ್ದಾರೆ ಪಾಪ, ಅಂತ ನಾನೇ ಕಲ್ಪಿಸಿಕೊಂಡು ಒಂದು ಸಲ ಮೆಲ್ಲಗೆ ಕೇಳಿದ್ದೆ. ಪಿಳ್ಳಮ್ಮ ನಕ್ಕರು. ಅವರ ಯಜಮಾನರಿಗೆ ಸೈಕಲ್ಲು ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲವಂತೆ. ಈ ಬಡಾವಣೆಯೆಲ್ಲ ಹೊಲವಾಗಿದ್ದಾಗ ಟ್ರಾಕ್ಟರು ಹೊಡೆಯುತ್ತಿದ್ದದ್ದು ಇವರೇ. ಹೊಲ ಹೋಗಿ ಸೈಟಾಗಿ, ಸೈಟಿನ ಮೇಲೆ ಮನೆಗಳಾಗಿ, ಕೂತು ಬಾಡಿಗೆ ತಿನ್ನುವ ಯೋಗ ಬಂದಾಗ ಅವರಿಗೆ ಕೈ ಕಾಲು ಹಿಡಿದುಹೋದಂತಾಯಿತಂತೆ. ಆಗ ಒಂದು ಗುಜರಿ ಅಂಗಡಿಯ ಹಿಂದೆ, ಬಾನೆಟ್ಟಿನೊಳಗಿಂದ ಬೇವಿನ ಗಿಡ ಎದ್ದಿದ್ದ ಈ ಲಾರಿಯನ್ನು ನೋಡಿದರು. ತಂದರು. ಗಿಡವನ್ನು ಬೇರುಸಮೇತ ಕಿತ್ತು ಮನೆ ಮುಂದೆ ನೆಟ್ಟರು, ಲಾರಿಯನ್ನು ವರ್ಷಗಟ್ಟಲೆ ಬಿಚ್ಚಿ ಕಟ್ಟಿದರು. ಹೆವಿ ಲೈಸೆನ್ಸನ್ನೂ ಆ ವಯಸ್ಸಿನಲ್ಲೇ ಮಾಡಿಸಿದ್ದು. "ಬ್ಯಾರೇರು ನಾಯಿ ಸಾಕಲ್ವಾ? ಇದು ಕಚ್ಚಲ್ಲ, ಅಷ್ಟೇ" ಎನ್ನುತ್ತಿದ್ದರು.

ಮಧ್ಯಾಹ್ನ ನಾನು ಸ್ಕೂಲಿನಿಂದ ಬರುವಾಗ ಶೆಡ್ಡಿನಲ್ಲಿ ಅವರ ಕಾಲು ಮಾತ್ರ ಕಾಣುತ್ತಿತ್ತು, ಉಳಿದದ್ದೆಲ್ಲ ಲಾರಿಯ ಕೆಳಗೆ. ಅಲ್ಲಿಂದಲೇ ಸ್ಪ್ಯಾನರ್ ಕೇಳುವರು. ನಾನು ತಪ್ಪು ನಂಬರಿನದು ಕೊಟ್ಟರೆ, ಮಕ್ಕಳಿಗೂ ಹಿಂಗೇ ಲೆಕ್ಕ ಹೇಳ್ಕೊಡ್ತೀರಾ ಅಂತ ಕೆಳಗಿನಿಂದ ದನಿ ಬರುತ್ತಿತ್ತು. ಗ್ರೀಸು ಕೈಯಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಯಾವುದು ಸುಣ್ಣ, ಯಾವುದು ಗ್ರೀಸು ಅಂತ ನನಗಂತೂ ಗೊತ್ತಾಗುತ್ತಿರಲಿಲ್ಲ.

ಈ ಸುಖಕ್ಕೆ ಒಂದು ಮುಳ್ಳಿತ್ತು. ಅವರ ಒಬ್ಬನೇ ಮಗ ಹರೀಶ ಜೆ.ಪಿ. ನಗರದಲ್ಲಿ ವಾಟರ್ ಟ್ಯಾಂಕರ್ ಬಿಸಿನೆಸ್ಸಿನವನು. ಆಸ್ತಿ ಭಾಗವಾದಾಗ ಶೆಡ್ಡಿನ ಸೈಟು ಅವನ ಹೆಸರಿಗೆ ಬಂದಿತ್ತು, ಅಲ್ಲಿ ತನ್ನ ಟ್ಯಾಂಕರ್ ನಿಲ್ಲಿಸಬೇಕು ಅಂತ ಅವನಿಗೆ. ಬಂದಾಗಲೆಲ್ಲ ಜಗಳ. ಹಳೇದು, ಹೊಗೆ ಬಿಡುತ್ತೆ, ಸದ್ದು ಮಾಡುತ್ತೆ, ಒಂದು ಕೆಲಸಕ್ಕೂ ಬರಲ್ಲ, ಅಂತ ಅವನು ಒಂದೊಂದಾಗಿ ಹೇಳುತ್ತಿದ್ದ. ಪಿಳ್ಳಮ್ಮ ತಾಳ್ಮೆಯಿಂದ ಎಲ್ಲ ಕೇಳಿ, "ನಿಮ್ಮಪ್ಪನೂ ಹಂಗೇ ಇದ್ರು. ಇಟ್ಕಂಡಿರ್ಲಿಲ್ವಾ?" ಅನ್ನುತ್ತಿದ್ದರು.

ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಯಿತು. ಎಫ್‌ಸಿ ಮುಗಿಯುತ್ತ ಬಂದಿತ್ತು. ಗಾಡಿ ರಸ್ತೆಗಿಳಿಯಲು ಯೋಗ್ಯ ಅಂತ ಆರ್‌ಟಿಒದವರು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು ಅದು. ಈ ಸಲ ಪಾಸಾದರೆ ಹರೀಶ ಇನ್ನು ಬಾಯಿ ತೆಗೆಯಕೂಡದು. ಫೇಲಾದರೆ ಲಾರಿ ಬಂದ ದಾರಿಯಲ್ಲೇ ಗುಜರಿಗೆ. ಹರೀಶನಿಗೆ ಧೈರ್ಯವಿತ್ತು, ಯಾಕೆಂದರೆ ತಳ್ಳದೆ ಸ್ಟಾರ್ಟಾಗದ ಗಾಡಿಯನ್ನು ಯಾವ ಇನ್‌ಸ್ಪೆಕ್ಟರೂ ಪಾಸು ಮಾಡುವುದಿಲ್ಲ. ಭಾನುವಾರ ಬಂತೆಂದರೆ ಬೈದುಕೊಂಡು ಏಳುತ್ತಿದ್ದ ನಾವು, ಈಗ ಆ ದರಿದ್ರದ ಲಾರಿ ಹೋಗಿಬಿಡುತ್ತದೆ ಅಂತ ಒಳಗೊಳಗೇ ಅಳುವಂತಾಗಿದ್ದೆವು.

ಪಿಳ್ಳಮ್ಮನಿಗೆ ಮಾತ್ರ ಚಿಂತೆಯೇ ಇದ್ದಂತೆ ಕಾಣಲಿಲ್ಲ. ಅದೇ ವಾರ ಅವರು ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಮಾಡಿದ್ದನ್ನು ಹೇಳಿದರೆ ನಿಮಗೇ ಗೊತ್ತಾಗುತ್ತದೆ. ನಾವೆಲ್ಲ ಹಿಂದೆ ನಿಂತಿದ್ದೆವು. ಟ್ರಾಫಿಕ್ ಪೊಲೀಸಿನವರೊಬ್ಬರು ಕೈ ಅಡ್ಡ ಹಾಕಿ, ಗೂಡ್ಸ್ ಗಾಡಿಯಲ್ಲಿ ಜನರನ್ನು ಹತ್ತಿಸಿಕೊಂಡು ಹೊರಟಿದ್ದೀರಲ್ಲ ಅಂತ ಗದರಿದರು.

"ಜನ ಅಲ್ಲ ಸಾಮಿ, ಇವು ಸ್ಪೇರ್ ಪಾರ್ಟು" ಅಂದರು ಪಿಳ್ಳಮ್ಮ.

ಪೊಲೀಸಿನವರಿಗೆ ರೇಗಿತು. ಎಂಜಿನ್ ಆಫ್ ಮಾಡಿ ಕೆಳಗಿಳಿಯಿರಿ ಅಂದರು. ಬೇಡಿ ಸಾಮಿ, ಆಮೇಲೆ ನಿಮಗೇ ಕಷ್ಟ ಅಂತ ಇವರು ವಿನಯದಿಂದಲೇ ಹೇಳಿದರು. ಅವರು ಕೇಳಲಿಲ್ಲ. ಪಿಳ್ಳಮ್ಮ ಆಫ್ ಮಾಡಿದರು. ಸಿಗ್ನಲ್ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಹಿಂದೆ ಎರಡು ಬಸ್ಸು, ಲೆಕ್ಕವಿಲ್ಲದಷ್ಟು ಆಟೋ, ಎಲ್ಲದರ ಹಾರನ್ನೂ ಒಟ್ಟಿಗೆ. ಆ ಕಡೆ ಚೂರು ಏರು ಬೇರೆ, ನಮ್ಮ ಬಲ ಸಾಲಲಿಲ್ಲ. ಕೊನೆಗೆ ಪೊಲೀಸಿನವರು ಟೋಪಿ ತೆಗೆದು ಶೈಲಜಾಳ ಕೈಗೆ ಕೊಟ್ಟು, ನನ್ನ ಪಕ್ಕದಲ್ಲಿ, ಎಡಗಡೆ ಮೂಲೆಗೆ ಭುಜ ಕೊಟ್ಟರು. ಗಟ್ಟಿ ಆಳು. ಲಾರಿ ಸ್ಟಾರ್ಟಾಯಿತು. ಪಿಳ್ಳಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಹೊಸಕೆರೆಹಳ್ಳೀಲಿ ನಮ್ದೊಂದು ಮನೆ ಖಾಲಿ ಐತೆ ಸಾಮಿ, ಬೇಕಿದ್ರೆ ಬನ್ನಿ" ಅಂದರು. ದಂಡ ಹಾಕುವುದನ್ನೇ ಮರೆತು ಆ ಮನುಷ್ಯ ನಡುರಸ್ತೆಯಲ್ಲಿ ನಗುತ್ತ ನಿಂತಿದ್ದರು.

ಎಫ್‌ಸಿಗೆ ಉಪಾಯ ಹೂಡಿದವನು ನಾನು. ಗಣಿತದ ಮೇಷ್ಟರ ಮರ್ಯಾದೆ ಉಳಿಸಿಕೊಳ್ಳಲು ಅದೊಂದೇ ಅವಕಾಶ. ಮನೆಯಲ್ಲೇ ಸ್ಟಾರ್ಟ್ ಮಾಡಿಕೊಂಡು ಹೋಗುವುದು, ಪರೀಕ್ಷೆ ಮುಗಿಯುವತನಕ ಎಂಜಿನ್ ಆಫ್ ಮಾಡದಿರುವುದು. ಆಫ್ ಮಾಡಿ ಅಂದರೆ ಬೇಕಾಗುತ್ತದೆ ಅಂತ ಮೊದಲೇ ಇಳಿಜಾರು ನೋಡಿ ನಿಲ್ಲಿಸುವುದು. ಬಸವರಾಜ ಇನ್‌ಸ್ಪೆಕ್ಟರನ್ನು ಟೀ ಕುಡಿಯಲು ಕರೆಯುವುದು, ಶೈಲಜಾ ಅವರ ಬಿ.ಪಿ. ವಿಚಾರಿಸುವುದು. ಪಿಳ್ಳಮ್ಮ ತಲೆದೂಗುತ್ತ ಎಲ್ಲ ಕೇಳಿಸಿಕೊಂಡು, ಸಖತ್ತಾಗೈತೆ ಮೇಷ್ಟ್ರೇ, ನಿಮ್ಮ ತಲೆಗೆ ಲಾರಿ ಹೊಡೀಬೇಕು ಅಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಹೋಗಿ ನೋಡಿದರೆ ಪರೀಕ್ಷೆಯ ಮೈದಾನ ಊಟದ ತಟ್ಟೆಯ ಹಾಗೆ ಮಟ್ಟಸ. ನನ್ನ ಉಪಾಯ ಅಲ್ಲೇ ಸತ್ತಿತು. ನಾವು ಯಾರೂ ಗಾಡಿಯ ಹತ್ತಿರ ಬರಕೂಡದು ಅಂತ ಅಲ್ಲಿಯ ಸಿಬ್ಬಂದಿ ನಮ್ಮನ್ನು ಕಾಂಪೌಂಡಿನ ಆಚೆ, ಟೀ ಅಂಗಡಿಯ ಪಕ್ಕ ನಿಲ್ಲಿಸಿದರು. ಇನ್‌ಸ್ಪೆಕ್ಟರು ಬ್ರೇಕ್ ನೋಡಿದರು, ಲೈಟ್ ನೋಡಿದರು, ಹಾರನ್ ಹಿಸುಕಿ ಮಗುವಿನ ಹಾಗೆ ನಕ್ಕು ಇನ್ನೊಂದು ಸಲ ಹಿಸುಕಿದರು. ಹರೀಶ ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ. ಆಮೇಲೆ ನಾವು ಹೆದರಿದ್ದ ಮಾತು ಬಂತು. ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಅಂದರು.

ಎಂಜಿನ್ ನಿಂತಿತು. ಶೈಲಜಾ ಕಣ್ಣು ಮುಚ್ಚಿಕೊಂಡಳು. ಸುಮಾ ನನ್ನ ತೋಳು ಹಿಡಿದ ಜಾಗ ಆಮೇಲೆ ಎರಡು ದಿನ ನೋಯುತ್ತಿತ್ತು. ಪಿಳ್ಳಮ್ಮ ಸೀಟಿನ ಮೇಲಿಂದ ನಮ್ಮ ಕಡೆ ತಿರುಗಿ, ಮೈದಾನದ ಆಚೆಯಿಂದಲೇ ಒಬ್ಬೊಬ್ಬರನ್ನಾಗಿ ನೋಡಿದರು. ಸೆರಗು ಸರಿಮಾಡಿಕೊಂಡರು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಏನನ್ನೋ ಒತ್ತಿದರು. ಲಾರಿ ಒಂದೇ ಏಟಿಗೆ ಸ್ಟಾರ್ಟಾಯಿತು.

ಹರೀಶನ ಬಾಯಿ ತೆರೆದೇ ಇತ್ತು, ನಮ್ಮದೂ ಅಷ್ಟೇ. ಮೊದಲು ದನಿ ಬಂದದ್ದು ಬಸವರಾಜನಿಗೆ. "ಇಷ್ಟ್ ದಿನಾ ನಮ್ಮನ್ನ ಎತ್ತು ಮಾಡಿ ದುಡಿಸ್ಯಾಳಲ್ರೀ ಸರಾ ಈ ಮುದುಕಿ" ಅಂದ.

ಎಫ್‌ಸಿ ಆಯಿತು. ವಾಪಸ್ಸು ಬರುವಾಗ ಲಾರಿಯ ಹಿಂದೆ ನಿಂತಿದ್ದ ನಮಗೆ ಗೆದ್ದ ಖುಷಿ ಒಂದು ಕಡೆ, ಮೈಯೆಲ್ಲ ಉರಿಯುವ ಕೋಪ ಒಂದು ಕಡೆ. ಇಳಿದ ತಕ್ಷಣ ನಾನು ಕೇಳಿಯೇಬಿಟ್ಟೆ, ಸೆಲ್ಫ್ ಯಾವಾಗ ರಿಪೇರಿಯಾಯಿತು ಅಂತ. ನಾವು ಆ ಮನೆಗೆ ಬರುವ ಮುಂಚೆಯೇ ಆಗಿತ್ತಂತೆ. ಮಡಿವಾಳದ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ತಂತಿ ಸುತ್ತಿಕೊಟ್ಟಿದ್ದನಂತೆ. ಹಾಗಾದರೆ ಸಿಗ್ನಲ್ಲಿನಲ್ಲಿ ಪೊಲೀಸಿನವರಿಂದ ತಳ್ಳಿಸಿದ್ದು? ಅವರು ಎಲೆ ಅಡಿಕೆಯ ಸಂಚಿ ಹುಡುಕುವ ನೆಪದಲ್ಲಿ ನಗು ಮುಚ್ಚಿಕೊಂಡರು.

"ಅಲ್ಲಮ್ಮ, ಮತ್ತೆ ನಮ್ಮ ಕೈಲಿ ಯಾಕೆ ತಳ್ಳಿಸ್ತಿದ್ರಿ?"

"ಸೆಲ್ಫ್ ಹೊಡುದ್ರೆ ಗಾಡಿ ಒಂದೇ ಸ್ಟಾರ್ಟ್ ಆಯ್ತದೆ ಮೇಷ್ಟ್ರೇ" ಅಂದರು. "ಅದನ್ನ ಕಟ್ಕಂಡು ನಾನೊಬ್ಳೇ ಬನಶಂಕರೀಲಿ ಇಡ್ಲಿ ತಿನ್ಲಾ? ನೀವೆಲ್ಲ ಬರೋಕೆ ಮುಂಚೆ ಹಂಗೂ ತಿಂದು ನೋಡಿವ್ನಿ. ಗಂಟಲಲ್ಲಿ ಇಳಿಯಾಕಿಲ್ಲ."

ಈ ಮನೆಗೆ ಬರುವ ಮುಂಚೆ ನಾನಿದ್ದ ಎಷ್ಟು ಮನೆಗಳಲ್ಲಿ ಎದುರು ಮನೆಯವರ ಹೆಸರು ನನಗೆ ಗೊತ್ತಿತ್ತು? ಆದರೂ ಕೋಪ ಕೋಪವೇ. ಮುಂದಿನ ಭಾನುವಾರ ಒಬ್ಬರೂ ಹೋಗಕೂಡದು ಅಂತ ಬಸವರಾಜನ ರೂಮಿನಲ್ಲಿ ಮೀಟಿಂಗ್ ಮಾಡಿ ತೀರ್ಮಾನಿಸಿದೆವು. ಭಾನುವಾರ ಹಾರನ್ನು ಕೂಗಿತು. ನಾನು ಕಿಟಕಿಯಿಂದ ಬಗ್ಗಿ ನೋಡಿದರೆ ಬಸವರಾಜ ಲುಂಗಿ ಕಟ್ಟಿಕೊಳ್ಳುತ್ತ ಇಳಿಯುತ್ತಿದ್ದ. ಸುಮಾ ಆಗಲೇ ಶೆಡ್ಡಿನಲ್ಲಿದ್ದಳು. ಹೋಗಿ ನನ್ನ ಮೂಲೆಗೆ ಕೈಯಿಟ್ಟೆ. ಸೆಲ್ಫಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಪಿಳ್ಳಮ್ಮನಿಗೆ ಜ್ವರ ಬಂತು. ಬರೀ ಕೆಮ್ಮು ಅಂದರು, ಆಮೇಲೆ ಆಸ್ಪತ್ರೆ ಅಂದರು. ನಾನು ನೋಡಲು ಹೋದಾಗ ಶೈಲಜಾ ಪಕ್ಕದಲ್ಲಿ ಕೂತಿದ್ದಳು. ಅವರ ಬೆರಳುಗಳು ಎಷ್ಟು ಬೆಳ್ಳಗಿದ್ದವೆಂದರೆ, ಗ್ರೀಸಿಲ್ಲದ ಆ ಕೈ ಬೇರೆ ಯಾರದೋ ಅನ್ನಿಸಿ ನನಗೆ ಭಯವಾಯಿತು. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಈ ಭಾನುವಾರ ನಿಮ್ಗೆಲ್ಲ ರಜ ಕೊಟ್ಟಿವ್ನಿ ಮೇಷ್ಟ್ರೇ" ಅಂದರು.

ಅದೇ ಕೊನೆ. ಶನಿವಾರ ಹೋಗಿಬಿಟ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಹರೀಶ ಬಂದ. ಶೆಡ್ಡಿನ ಬಾಗಿಲು ತೆಗೆದ ಸದ್ದಿಗೆ ನಾವೆಲ್ಲ ಹೊರಗೆ ಬಂದೆವು, ಗುಜರಿಯವನು ಜೊತೆಗಿದ್ದಾನಾ ಅಂತ ನೋಡಲು. ಯಾರೂ ಇರಲಿಲ್ಲ. ಹರೀಶ ಒಬ್ಬನೇ ಹತ್ತಿ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಒತ್ತಿದ. ಲಾರಿ ಒಂದೇ ಏಟಿಗೆ ಸ್ಟಾರ್ಟಾಯಿತು. ಹತ್ತಿ ಎಲ್ರೂ, ತಿಂಡಿಗೆ ಹೋಗೋಣ ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು. ನಮಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅಲ್ಲಿಯವರೆಗೆ ಅಳದೆ ಇದ್ದ ನಾನು ಆ ಎಂಜಿನ್ನಿನ ಸದ್ದಿಗೆ ಅತ್ತುಬಿಟ್ಟೆ. ಯಾರೂ ಹತ್ತಲಿಲ್ಲ.

ಸುಮಾ ಕಿಟಕಿಯ ಹತ್ತಿರ ಹೋದಳು.

"ಆಫ್ ಮಾಡಿ ಹರೀಶ್. ಅದು ಹಾಗೆ ಸ್ಟಾರ್ಟ್ ಆಗಲ್ಲ."

ಅವನು ಅವಳನ್ನು ನೋಡಿದ, ನಮ್ಮನ್ನು ನೋಡಿದ. ಆಫ್ ಮಾಡಿದ. ನಾವು ಹಿಂದೆ ಹೋಗಿ ಕೈಯಿಟ್ಟು ಇಳಿಜಾರಿನವರೆಗೆ ತಳ್ಳಿದೆವು. ಹರೀಶ ಅಭ್ಯಾಸವಿಲ್ಲದೆ ಕ್ಲಚ್ಚನ್ನು ಬೇಗ ಬಿಟ್ಟ, ಲಾರಿ ಗಕ್ಕನೆ ನಿಂತುಹೋಯಿತು. ಇನ್ನೊಂದು ಸಲ ತಳ್ಳಿದೆವು.