ಗುಟ್ಟಿನ ಆ್ಯಪ್‌ನಲ್ಲಿ ಒಬ್ಬನೇ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಪಾಸ್‌ವರ್ಡ್ ಎಂದೇ. ಗಿರಾಕಿ ಬಂದೊಡನೆ ಅವನ ಬಾಯಿಂದ ಉದುರುವ ಮೊದಲ ಮಾತು ಅದು. ಗಿರಾಕಿಗಳೂ ಅಷ್ಟೇ, ಕಟ್ಟಿಕೊಂಡವರಿಗೂ ಹೇಳದ ಲಾಕ್ ನಂಬರನ್ನು ಗುರುತು ಪರಿಚಯವಿಲ್ಲದ ಇವನಿಗೆ ಒಪ್ಪಿಸಿ ಹೋಗುವರು. ಹೊಸ ಗಾಜು ಕೂರಿಸಿ ಪರೀಕ್ಷಿಸುವಾಗ ಜನರ ಜಗಳ, ಮುನಿಸು, ಮುದ್ದು ಎಲ್ಲ ಟಣ್ ಟಣ್ ಎಂದು ಕಣ್ಣೆದುರು ಬಂದು ಬೀಳುತ್ತಿದ್ದವು. ಅವನು ಮುಖ ತಿರುಗಿಸುತ್ತಿದ್ದ; ಕಣ್ಣು ಮಾತ್ರ ಅಲ್ಲೇ ಇರುತ್ತಿತ್ತು.

ಎಲ್ಲರೂ ಬಳಸುವ ಮೆಸೇಜ್ ಆ್ಯಪ್ ಹೊಸ ಷರತ್ತುಗಳನ್ನು ಮುಂದಿಟ್ಟಾಗ ಇಂಥವನಿಗೇ ತನ್ನ ಗುಟ್ಟಿನ ಚಿಂತೆ ಹತ್ತಿತು. ನಾನೇ ಇಷ್ಟು ನೋಡುವವನು, ಕಂಪನಿಯವರು ಇನ್ನೆಷ್ಟು ನೋಡಿಯಾರು! "ನಾಳೆಯಿಂದ ಇಲ್ಲಿರಲ್ಲ, ಇದಕ್ಕೆ ಬನ್ನಿ" ಎಂದು ಗುಟ್ಟು ಕಾಯುವ ಬೇರೊಂದು ಆ್ಯಪ್‌ನ ಲಿಂಕನ್ನು ಎಲ್ಲರಿಗೂ ಕಳಿಸಿದ.

ಮಾಲೀಕ ನಕ್ಕ. "ಲೋ ಪಾಸ್‌ವರ್ಡ್, ನಿನ್ನ ಮೆಸೇಜ್ ಓದೋಕೆ ಕೂತವನು ಪಾಪ, ಮೇಜಿನ ಮೇಲೇ ನಿದ್ದೆ ಹೋಗ್ತಾನೆ ಕಣೋ."

"ನಗಿ ಸಾರ್, ನಗಿ. ಒಂದಿನ ನೀವೂ ಬರ್ತೀರ."

ಬೇರೆ ಊರಿನಲ್ಲಿದ್ದ ಅಕ್ಕ ಒಬ್ಬಳೇ ಉತ್ತರ ಬರೆದಳು: "ನನ್ನ ಫೋನಲ್ಲಿ ಜಾಗ ಇಲ್ಲ ಕಣೋ. ನಮ್ಮಿಬ್ಬರದ್ದು ಅದೇನು ಗುಟ್ಟು? ದಿನಾ ನಾನು ಊಟ ಆಯ್ತಾ ಅಂತೀನಿ, ನೀನು ಹೆಬ್ಬೆಟ್ಟು ತೋರಿಸ್ತೀಯ."

ಅದಕ್ಕೂ ಹೆಬ್ಬೆಟ್ಟಿನ ಚಿತ್ರವನ್ನೇ ಒತ್ತಿ, ಅವನು ಹಳೆಯ ಖಾತೆಯನ್ನು ಅಳಿಸಿಹಾಕಿದ.

ಹೊಸ ಆ್ಯಪ್ ಸ್ವಚ್ಛವಾಗಿತ್ತು, ಯಾರೂ ಬಾಡಿಗೆಗೆ ಬಾರದ ಮನೆಯಂತೆ. ಬೆಳಿಗ್ಗೆ ತೆರೆದು ನೋಡುವನು, ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ನೋಡುವನು, ಕೈ ತೊಳೆದು ಬಂದು ನೋಡುವನು. ಕೇಳುವವರಿಲ್ಲದ ಊಟ ಯಾವಾಗ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ. ಫೋನ್ ಮಾಡೋಣವೆಂದರೆ, ಗಂಟೆ ಬಾರಿಸಿದರೆ ಸಾಕು, ಯಾರಿಗೇನಾಯಿತೋ ಎಂದು ಎದೆ ಹಿಡಿದುಕೊಳ್ಳುವ ಮನೆತನ ಅವರದು.

ಕೊನೆಗೊಂದು ಸಂಜೆ ಜೇಬಿನಲ್ಲಿ ಟಣ್ ಎಂದಿತು. 'ನಿಮ್ಮ ಪರಿಚಿತರೊಬ್ಬರು ಸೇರಿದ್ದಾರೆ.' ಸ್ಕ್ರೂಡ್ರೈವರ್ ಬಿಸಾಡಿ ಎದ್ದ. ಅಂತೂ ಅಕ್ಕ ಜಾಗ ಮಾಡಿಕೊಂಡಳು! ತೆರೆದರೆ 'ಅಂಗಡಿ ಟೆಸ್ಟ್' ಎಂಬ ಹೆಸರು. ರಿಪೇರಿಯಾದ ಫೋನುಗಳಿಗೆ ಹಾಕಿ ನೋಡಲು ಅಂಗಡಿಯಲ್ಲಿಟ್ಟ ಸಿಮ್ಮಿನ ನಂಬರದು. ಗಿರಾಕಿಯೊಬ್ಬನಿಗೆ ಹೊಸ ಆ್ಯಪ್ ತೋರಿಸುವ ಉಮೇದಿನಲ್ಲಿ, ಆಗಷ್ಟೇ ಆ ನಂಬರಿನಿಂದ ಒಳಗೆ ಹೋಗಿದ್ದವನು ಅವನೇ.

"ಯಾರೋ ಬಂದಿದ್ದು, ನಿನ್ನ ಗುಟ್ಟಿನ ಮನೆಗೆ?" ಮಾಲೀಕ ಕೇಳಿದ.

"ನಾನೇ ಸಾರ್."

ಮಾಲೀಕ ಈ ಸಲ ನಗಲಿಲ್ಲ.

ಅಂಗಡಿಯ ಬಾಗಿಲೆಳೆದು, ಮೆಟ್ಟಿಲ ಮೇಲೆ ಕೂತು ಹಳೆಯದನ್ನೇ ಮತ್ತೆ ಹಾಕಿಕೊಂಡ. ಷರತ್ತುಗಳನ್ನು ಓದುವ ಗೋಜಿಗೆ ಹೋಗದೆ 'ಒಪ್ಪಿದೆ' ಒತ್ತಿದ. ಅಕ್ಕನ ಮೆಸೇಜುಗಳು ಒಂದೂ ಉಳಿದಿರಲಿಲ್ಲ. ಕಂಪನಿ ಅವನ್ನು ಓದಿತ್ತೋ ಇಲ್ಲವೋ, ಅವನಂತೂ ಸರಿಯಾಗಿ ಓದಿರಲಿಲ್ಲ.

"ಅಕ್ಕಾ, ಊಟ ಆಯ್ತಾ?" ಎಂದು ಬರೆದ. ಅಲ್ಲಿಗೇ ಬಿಡದೆ, ಗಾಜು ಬೆರಳು ಕೊಯ್ದದ್ದು, ಪಕ್ಕದ ಕೋಣೆಯವನು ಖಾಲಿ ಮಾಡಿಕೊಂಡು ಹೋದದ್ದು, ಭಾನುವಾರ ಯಾರ ಜೊತೆಗೂ ಒಂದು ಮಾತೂ ಆಡದೇ ಕಳೆದದ್ದು, ಎಲ್ಲ ಬರೆದ. ಓದುವವರೆಲ್ಲ ಓದಿಕೊಳ್ಳಲಿ.

ಓದಿದ ಗುರುತು ಬಿತ್ತು. 'ಬರೆಯುತ್ತಿದ್ದಾರೆ' ಎಂದು ಮೂಡಿತು, ಮಾಯವಾಯಿತು, ಮತ್ತೆ ಮೂಡಿತು.

ಬಂದದ್ದು ಒಂದು ಹೆಬ್ಬೆಟ್ಟು.

ಅವನು ಏಳಲಿಲ್ಲ. ಆ 'ಬರೆಯುತ್ತಿದ್ದಾರೆ' ಇನ್ನೊಮ್ಮೆ ಮೂಡೀತೆಂದು ಅಲ್ಲೇ ಕೂತ.