ನನ್ನ ತಟ್ಟೆಗೆ ಕೈಹಾಕಿದ ಡಾಕ್ಟರಮ್ಮ

ಆಸ್ಪತ್ರೆಯ ಸೋಪಿಗೆ ಬಿರುಕು ಬಿಟ್ಟಿದ್ದ ಡಾಕ್ಟರಮ್ಮನ ತೋರುಬೆರಳು ಸದಾ ಯಾರದೋ ಮೂಗಿನ ಮುಂದೆಯೇ ಇರುತ್ತಿತ್ತು. ಧಾರವಾಡದವರು, ಇಂಗ್ಲಿಷರ ನಾಡಿನ ಸಟನ್‌ನಲ್ಲಿ ನಮ್ಮ ಪಕ್ಕದ ಮನೆ. ಸತ್ತವರನ್ನು ಆಡಿಕೊಳ್ಳಬಾರದಂತೆ. ಆಡಿಕೊಳ್ಳುತ್ತೇನೆ, ಏನಿವಾಗ?

ನಾನು ಕಸದ ಬಿನ್ ಯಾವಾಗ ಹೊರಗಿಡಬೇಕು, ಕಾಯಿಲೆಯಾದರೆ ಜಿಪಿ ಡಾಕ್ಟರಿಗೆ ಏನು ಹೇಳಬೇಕು, ಎಲ್ಲಕ್ಕೂ ಅವರದೇ ಅಪ್ಪಣೆ. 'ನಿನಗೇನ್ ತಿಳೀತದ, ಸುಮ್ನಿರು' ಎನ್ನುವುದು ಬಾಯಿಪಾಠ. ಇಟಲಿಯ ಬೆಟ್ಟಗಳಲ್ಲಿ ವೈನ್ ಮಾಡುವ ಹಳ್ಳಿಗಳನ್ನು ನೋಡಲು ನಾವು ನಾಲ್ವರು ಹೆಂಗಸರು ಹೊರಟಾಗ, ನನ್ನ ಚೀಲದಿಂದ ಪುಳಿಯೋಗರೆ ಗೊಜ್ಜು, ಅವಲಕ್ಕಿ ತೆಗೆಸಿ ಮನೆಯಲ್ಲೇ ಇಡಿಸಿದರು. ಅಲ್ಲಿನವರ ಊಟ ಉಣ್ಣದೆ ಊರು ನೋಡಿ ಏನು ಬಂತು ಎಂದು ಭಾಷಣ ಬೇರೆ. ಗುಂಪಿನಲ್ಲಿ ಮಾಂಸ ತಿನ್ನದವರು ಅವರು, ನಾನು ಇಬ್ಬರೇ.

ಕಡಿದಾದ ಇಳಿಜಾರಿನ ದ್ರಾಕ್ಷಿತೋಟದ ಮನೆಯಲ್ಲಿ ಊಟ. ಮಾಂಸ ಬೇಡವೆಂದು ಮೊದಲೇ ಹೇಳಿಸಿದ್ದೆವು. ಯಜಮಾನನ ಮುದಿ ತಾಯಿ ನಮಗಾಗಿಯೇ ಮಾಡಿದ ಬ್ರೆಡ್ಡಿನ ಉಂಡೆಗಳಿಗೆ ಬೆಣ್ಣೆ ಸುರಿದು ಬಡಿಸಿದರು. ಒಂದು ತಿಂದೆ. ಚೆನ್ನಾಗಿತ್ತು. ಎರಡನೆಯದನ್ನು ಮುರಿಯುವಷ್ಟರಲ್ಲಿ ಡಾಕ್ಟರಮ್ಮ ನನ್ನ ತಟ್ಟೆಗೇ ಕೈಹಾಕಿ, ಮುರಿದ ಚೂರೂ ಸೇರಿ ಎಲ್ಲವನ್ನೂ ಎಳೆದುಕೊಂಡರು.

'ಇದರ ರುಚಿ ನಿನಗ ತಿಳ್ಯಂಗಿಲ್ಲ, ಇತ್ಲಾಗ ಕೊಡು.'

ಉಳಿದಿಬ್ಬರು ನಕ್ಕರು. ಎಂಜಲು ಎಂದೂ ನೋಡದೆ ಡಾಕ್ಟರಮ್ಮ ಅಷ್ಟನ್ನೂ ನುಂಗಿ, ಆ ಅಜ್ಜಿಯ ಕೈ ಹಿಡಿದು ಹೊಗಳಿದರು. ನನಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ವಾಪಸು ಬಂದ ಮೇಲೆ ನಾಲ್ಕು ವರ್ಷ ಮಾತಾಡಲಿಲ್ಲ. ಅವರು ಹಾಸಿಗೆ ಹಿಡಿದಾಗಲೂ ಹೋಗಲಿಲ್ಲ.

ವೈಕುಂಠ ಸಮಾರಾಧನೆಗೆ ಜನರ ಬಾಯಿಗೆ ಹೆದರಿ ಹೋದೆ. ಅಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ನಿಮ್ಮಮ್ಮ ನನ್ನ ತಟ್ಟೆಯ ಅನ್ನ ಕಿತ್ತುಕೊಂಡವರು ಎಂದುಬಿಟ್ಟೆ. ಬಡಿಸುತ್ತಿದ್ದ ಮಗಳಿಗೆ ರೇಗಿತು. ಸೌಟು ಕೆಳಗಿಟ್ಟು ಇಂಗ್ಲಿಷಿನಲ್ಲೇ ಹೇಳಿದಳು: ಆ ಉಂಡೆಗಳಲ್ಲಿ ಹಂದಿಮಾಂಸದ ಚೂರುಗಳಿದ್ದವಂತೆ. ಊಟದ ನಡುವೆ, ಪಕ್ಕದಲ್ಲಿ ಕೂತಿದ್ದ ತೋಟದ ಯಜಮಾನ, ರುಚಿಯ ಗುಟ್ಟು ಇದೇ ಎಂದು ಹೆಮ್ಮೆಯಿಂದ ಡಾಕ್ಟರಮ್ಮನಿಗೆ ಹೇಳಿದನಂತೆ. ಅಷ್ಟು ಚೂರು ಅಲ್ಲಿನವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ತಟ್ಟೆ ತಳ್ಳಿದರೆ ಅಜ್ಜಿಗೆ ನೋವು. ಕಾರಣ ಹೇಳಿದರೆ, ಆಗಲೇ ಒಂದು ತಿಂದಿದ್ದ ನನಗೆ ಜೀವನಪೂರ್ತಿ ಸಂಕಟ. ಮೊಟ್ಟೆಯನ್ನೂ ಮುಟ್ಟದ ಹೆಂಗಸು ನನ್ನ ಪಾಲನ್ನೂ ತಿಂದು ಮುಗಿಸಿದ್ದರು.

'ಸಿಟ್ಟಾದ್ರ ಆಗ್ಲಿ, ಅಕಿಗೆ ಹೇಳಬ್ಯಾಡ' ಎಂದು ಮಗಳ ಬಾಯಿ ಕಟ್ಟಿದ್ದರಂತೆ.

ನನ್ನನ್ನು ಒಂದು ಮಾತೂ ಕೇಳದೆ ಇದನ್ನೂ ಅವರೇ ತೀರ್ಮಾನಿಸಿದರು. ತಪ್ಪಾಯಿತು ಎನ್ನೋಣವೆಂದರೆ ಮನುಷ್ಯರೇ ಇಲ್ಲ. ನನಗೆ ಇನ್ನೂ ಸಿಟ್ಟು ಹೋಗಿಲ್ಲ.