ಹೋಳಿಗೆಯ ಅಂಚು

ಪಕ್ಕದ ಮನೆ ಅಜ್ಜಿಯ ತೋರುಬೆರಳು ಗೆಣ್ಣಿನಲ್ಲಿ ಸೊಟ್ಟಗಾಗಿತ್ತು. ಟಿವಿಯತ್ತ ಚಾಚಿ ಬೈದರೆ ಅದು ಪಕ್ಕದಲ್ಲಿ ಕೂತ ನನ್ನನ್ನೇ ತೋರಿಸುತ್ತಿತ್ತು. ಅಮೆರಿಕದ ಡೌನರ್ಸ್ ಗ್ರೋವ್‌ನ ಈ ಬೀದಿಯಲ್ಲಿ ನನ್ನ ಮುರುಕು ಇಂಗ್ಲಿಷಿಗೆ ಕಾಯುವ ತಾಳ್ಮೆ ಇದ್ದದ್ದು ಅವರೊಬ್ಬರಿಗೇ. ಅವರದೂ ದೊಡ್ಡವರಾದ ಮೇಲೆ ಕಲಿತ ಇಂಗ್ಲಿಷು. ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, ಜರ್ಮನಿಯ ಗಡಿಯ ಒಂದು ಊರಲ್ಲಿ.

ಮೊಮ್ಮಕ್ಕಳೇ, ನಾನು ಮಾತುಮಾತಿಗೆ "ಹೋಗ್ಲಿ ಬಿಡಿ" ಅನ್ನುವುದು ನಿಮಗೆ ಗೊತ್ತು. ಒಂದು ದಿನ ಅವರು ಅದರ ಅರ್ಥ ಕೇಳಿದರು. ಹೇಳಿದೆ. ಮೂಗು ಮುರಿದು, "ನಮ್ಮೂರನ್ನ ಕೊಟ್ಟವ್ರೂ ಇದನ್ನೇ ಅಂದಿದ್ದು" ಎಂದರು.

ಅವರು ಶಾಲೆ ಸೇರಿದ ಹೊಸತರಲ್ಲಿ ಇಂಗ್ಲೆಂಡ್, ಫ್ರಾನ್ಸಿನ ದೊಡ್ಡಮನುಷ್ಯರು ಜರ್ಮನಿಯ ಸರ್ವಾಧಿಕಾರಿಯೆದುರು ಕೂತು, ಚೆಕ್ಕರನ್ನು ಒಳಗೂ ಕರೆಯದೆ, ಅವರ ಗಡಿಸೀಮೆಯನ್ನು ಅವನಿಗೆ ಬರೆದುಕೊಟ್ಟರು. ಗಡಿಯ ಕೋಟೆ ಕಾಯುತ್ತಿದ್ದ ಅಜ್ಜಿಯ ಅಣ್ಣ ಒಂದು ಗುಂಡೂ ಹಾರಿಸದೆ ಹಿಂದಿರುಗಬೇಕಾಯಿತು. ಶಾಂತಿ ತಂದೆವೆಂದು ಬೀಗಿದ ಮಹನೀಯರಿಗೆ ಅವರವರ ಊರಲ್ಲಿ ಜೈಕಾರ. ಚಳಿಗಾಲ ಕಳೆಯುವಷ್ಟರಲ್ಲಿ ಉಳಿದ ದೇಶವೂ ಹೋಯಿತು. ಮುಂದಿನ ಚಳಿಗಾಲಕ್ಕೆ ಮೊದಲೇ ಮಹಾಯುದ್ಧ. ಅಣ್ಣ ಜರ್ಮನರ ಸೆರೆಯಲ್ಲಿ ಸತ್ತ.

"ಹೇಡಿಗಳಾಗಿದ್ರೆ ಕ್ಷಮಿಸ್ತಿದ್ದೆ. ಅವರು ಸಭ್ಯರು" ಎನ್ನುತ್ತಿದ್ದರು ಅಜ್ಜಿ.

ಹೋದ ಯುಗಾದಿಗೆ ಅವರನ್ನು ಊಟಕ್ಕೆ ಕರೆದಿದ್ದೆ. ಟಿವಿಯಲ್ಲಿ ಉಕ್ರೇನಿನ ಸುದ್ದಿ. ನಿಮ್ಮಪ್ಪ, "ಸ್ವಲ್ಪ ಜಾಗ ತಾನೇ, ಹೋಗ್ಲಿ ಬಿಡಿ ಅಂತ ಸೆಟ್ಲ್ ಮಾಡ್ಕೋಬಾರ್ದೇನಮ್ಮಾ?" ಅಂದ.

ಅಜ್ಜಿಗೆ ಬರುತ್ತಿದ್ದ ಕನ್ನಡ "ಹೋಗ್ಲಿ ಬಿಡಿ" ಒಂದೇ. ಅದು ಕಿವಿಗೆ ಬಿತ್ತು. ಕೈಚಾಚಿ ಅವನ ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ಅವನು ನಕ್ಕ. ಮತ್ತೆ ಮುರಿದರು. "ತಗೊಳ್ಳಿ ಪರವಾಗಿಲ್ಲ" ಅಂತ ಇಂಗ್ಲಿಷಿನಲ್ಲಿ ಉಪಚಾರ ಹೇಳಿದ. ಹೂರಣದ ನಡುಭಾಗಕ್ಕೆ ಕೈ ಹೋದಾಗ ತಟ್ಟೆ ಎಳೆದುಕೊಂಡ.

"ಯಾಕಪ್ಪಾ, ಶಾಂತಿ ಮುಗೀತಾ?" ಎಂದರು ಅಜ್ಜಿ, ತಮ್ಮ ಇಂಗ್ಲಿಷಿನಲ್ಲಿ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾನು ಕೊನೆಯ ಸಲ ನೋಡಲು ಹೋದಾಗ ಆಸ್ಪತ್ರೆಯ ಟಿವಿಯಲ್ಲಿ ಕೋಟು ತೊಟ್ಟವರು ನಗುತ್ತ ಕೈ ಕುಲುಕುತ್ತಿದ್ದರು. ಅಜ್ಜಿ ಸೊಟ್ಟ ಬೆರಳೆತ್ತಿ, ಉಗಿದ ಹಾಗೆ "ಹೋಗ್ಲಿ ಬಿಡಿ" ಎಂದರು. ಬೆರಳು ಎಂದಿನಂತೆ ನನ್ನ ಕಡೆಗಿತ್ತು.

ಈ ಯುಗಾದಿಗೂ ನಿಮ್ಮಪ್ಪ ಟಿವಿ ನೋಡುತ್ತ, "ಕೊಟ್ಟು ಮುಗಿಸ್ಲಿ ಅಮ್ಮಾ, ಇನ್ನೆಷ್ಟು ಜನ ಸಾಯ್ಬೇಕು?" ಅಂದ. ನಾನು ಕೈಚಾಚಿ ಅವನ ಹೋಳಿಗೆಯ ಅಂಚು ಮುರಿದೆ.

ಈ ಸಲ ಅವನು ನಗಲಿಲ್ಲ.